ವಯೊಲಿನ್ ಹಿಡಿದ ಸೈನಿಕ

ಚಿಕ್ಕೋಡಿ, ನಿಪ್ಪಾಣಿ ಕಡೆಯ ನಮ್ಮಂಥ ಹುಡುಗರಿಗೆ ಸೈನಿಕ ಎಂದರೆ ಬಂದೂಕೇ ಕಣ್ಮುಂದೆ ಬರುತ್ತದೆ. ನಾನು ಎನ್‌ಸಿಸಿ ಸೇರಿದ ಮೇಲೆ ಕ್ಯಾಪ್ಟನ್ ರಾಮ್ ಸಿಂಗ್ ಠಾಕೂರಿ ಅವರ ಬಗ್ಗೆ ತಿಳಿದುಕೊಂಡೆ.

1914ರಲ್ಲಿ ಧರ್ಮಶಾಲಾ ಸಮೀಪ ಹುಟ್ಟಿದ ಅವರು ಹದಿಹರೆಯದಲ್ಲೇ ಗೂರ್ಖಾ ರೈಫಲ್ಸ್ ಸೇರಿ ಬ್ಯಾಂಡಿನಲ್ಲಿ ವಾದ್ಯ ಕಲಿತರು. ಎರಡನೇ ಮಹಾಯುದ್ಧದಲ್ಲಿ ಜಪಾನಿಯರಿಗೆ ಸೆರೆಸಿಕ್ಕು, ಮುಂದೆ ಆಜಾದ್ ಹಿಂದ್ ಫೌಜ್ ಸೇರಿದರು. ನೇತಾಜಿ ಅವರಿಗೆ ವಯೊಲಿನ್ ಕೊಟ್ಟರು. ‘ಕದಂ ಕದಂ ಬಢಾಯೇ ಜಾ’ ಹಾಡಿಗೆ ರಾಗ ಸಂಯೋಜಿಸಿದವರು ಇವರೇ. ಫೌಜಿನ ರಾಷ್ಟ್ರಗೀತೆಗೆ ಮುಮ್ತಾಜ್ ಹುಸೇನ್ ಮತ್ತು ಹೈದರಾಬಾದಿನ ಆಬಿದ್ ಹಸನ್ ಹಿಂದೂಸ್ತಾನಿಯಲ್ಲಿ ಪದ ಬರೆದರು. ರಾಮ್ ಸಿಂಗ್ ಅದನ್ನು ಬ್ಯಾಂಡಿಗೆ ಹೊಂದಿಸಿದರು. ಸ್ವಾತಂತ್ರ್ಯದ ನಂತರ ಲಕ್ನೋದಲ್ಲಿ ಪೊಲೀಸ್ ಬ್ಯಾಂಡ್ ನಡೆಸಿದರು. 2002ರಲ್ಲಿ ತೀರಿಕೊಂಡರು.

ಸಾವಿರಾರು ಸೈನಿಕರ ಹೆಜ್ಜೆಯನ್ನು ಒಂದಾಗಿಸುವುದೂ ದೇಶಸೇವೆಯೇ ಎಂದು ಅವರ ಬದುಕು ನನಗೆ ಕಲಿಸಿತು.