ನೀರಿನ ಎತ್ತರ ಅಳೆದ ವಿಶ್ವೇಶ್ವರಯ್ಯ

ಮಳೆಗಾಲ ಬಂತೆಂದರೆ ನಮ್ಮ ಜಿಲ್ಲೆಯ ಮನೆಗಳಲ್ಲಿ ಒಂದು ಪ್ರಶ್ನೆ ದಿನವೂ ಕೇಳಿಬರುತ್ತದೆ. ಕಟ್ಟೆಯಲ್ಲಿ ನೀರು ಎಷ್ಟಡಿ ಆಯಿತು? ಮಕ್ಕಳೇ, ಇಲ್ಲೊಂದು ವಿಷಯ ಗಮನಿಸಿದ್ದೀರಾ? ಎಷ್ಟು ಲೀಟರ್ ಎಂದು ಯಾರೂ ಕೇಳುವುದಿಲ್ಲ. ಎಷ್ಟು ಅಡಿ ಎಂದೇ ಕೇಳುತ್ತಾರೆ. 124.80 ಅಡಿ ಮುಟ್ಟಿದರೆ ಕನ್ನಂಬಾಡಿ ಕಟ್ಟೆ ತುಂಬಿದಂತೆ. ನೀರು ಎಷ್ಟಿದೆ ಎಂಬುದರಷ್ಟೇ ಅದು ಎಷ್ಟು ಎತ್ತರದಲ್ಲಿದೆ ಎಂಬುದೂ ಮುಖ್ಯ. ಈ ಎತ್ತರದ ಲೆಕ್ಕವನ್ನೇ ತಮ್ಮ ವೃತ್ತಿಯನ್ನಾಗಿ ಮಾಡಿಕೊಂಡವರು ಮೋಕ್ಷಗುಂಡಂ ವಿಶ್ವೇಶ್ವರಯ್ಯನವರು.

ಅವರು ಹುಟ್ಟಿದ್ದು 1861ರ ಸೆಪ್ಟೆಂಬರ್ 15ರಂದು, ಈಗಿನ ಚಿಕ್ಕಬಳ್ಳಾಪುರ ಜಿಲ್ಲೆಯ ಮುದ್ದೇನಹಳ್ಳಿಯಲ್ಲಿ. ತಂದೆ ಶ್ರೀನಿವಾಸ ಶಾಸ್ತ್ರಿಗಳು, ತಾಯಿ ವೆಂಕಟಲಕ್ಷ್ಮಮ್ಮ. ಬಾಲ್ಯದಲ್ಲೇ ತಂದೆಯನ್ನು ಕಳೆದುಕೊಂಡರು. ಬೆಂಗಳೂರಿನಲ್ಲಿ ಮನೆಪಾಠ ಹೇಳಿಕೊಂಡು ಓದಿ, 1881ರಲ್ಲಿ ಸೆಂಟ್ರಲ್ ಕಾಲೇಜಿನಿಂದ ಬಿ.ಎ. ಪದವಿ ಪಡೆದರು. ಮೈಸೂರು ಸರ್ಕಾರದ ವಿದ್ಯಾರ್ಥಿವೇತನ ದೊರೆತದ್ದರಿಂದ ಪುಣೆಗೆ ಹೋಗಿ ಎಂಜಿನಿಯರಿಂಗ್ ಕಲಿತರು. 1884ರಲ್ಲಿ ಮುಂಬಯಿ ಪ್ರಾಂತ್ಯದ ಲೋಕೋಪಯೋಗಿ ಇಲಾಖೆಗೆ ಸೇರಿದರು. ಅವರ ಬಗ್ಗೆ ಬಾಯಿಂದ ಬಾಯಿಗೆ ಹರಿದುಬಂದ ಕಥೆಗಳು ಬಹಳ ಇವೆ. ಅವನ್ನು ಬಿಟ್ಟು ಅವರ ಕೆಲಸವನ್ನೇ ನೋಡೋಣ. ಅದೇ ಹೆಚ್ಚು ಸ್ವಾರಸ್ಯವಾಗಿದೆ.

ಪುಣೆಯ ಬಳಿ ಖಡಕ್‌ವಾಸ್ಲಾ ಎಂಬ ಜಲಾಶಯವಿದೆ. ಅದು ತುಂಬಿದ ಮೇಲೆ, ನಮ್ಮ ಕೆರೆ ಕೋಡಿ ಬೀಳುವಂತೆ, ಹೆಚ್ಚಿನ ನೀರು ಕೋಡಿಯ ಮೇಲೆ ಹರಿದುಹೋಗುತ್ತಿತ್ತು. ಬೇಸಿಗೆಯಲ್ಲಿ ನೀರು ಸಾಲದು. ಕೋಡಿಯನ್ನು ಕಲ್ಲಿನಿಂದ ಎತ್ತರಿಸಿದರೆ ಹೆಚ್ಚು ನೀರು ನಿಲ್ಲುತ್ತದೆ, ನಿಜ. ಆದರೆ ಪ್ರವಾಹ ಬಂದಾಗ ನೀರು ಹೋಗಲು ದಾರಿಯಿಲ್ಲದೆ ಕಟ್ಟೆಗೇ ಅಪಾಯ. ವಿಶ್ವೇಶ್ವರಯ್ಯನವರು ಇದಕ್ಕೊಂದು ಉಪಾಯ ಕಂಡುಹಿಡಿದರು. ಕೋಡಿಯ ಮೇಲೆ ಕಬ್ಬಿಣದ ಬಾಗಿಲುಗಳನ್ನು ನಿಲ್ಲಿಸಿ, ತಕ್ಕಡಿಯಲ್ಲಿ ತೂಗುವಂತೆ ಬಾಗಿಲಿನ ಭಾರಕ್ಕೆ ಪ್ರತಿಯಾಗಿ ಇನ್ನೊಂದು ಭಾರವನ್ನು ಹೊಂದಿಸಿದರು. ನೀರು ಗೊತ್ತಾದ ಮಟ್ಟವನ್ನು ದಾಟಿದೊಡನೆ ಈ ಸಮತೋಲ ತಪ್ಪಿ ಬಾಗಿಲು ತಾನಾಗಿಯೇ ತೆರೆದುಕೊಳ್ಳುತ್ತದೆ. ಮಟ್ಟ ಇಳಿದರೆ ತಾನಾಗಿಯೇ ಮುಚ್ಚಿಕೊಳ್ಳುತ್ತದೆ. ಯಂತ್ರವಿಲ್ಲ, ಕಾವಲುಗಾರ ರಾತ್ರಿ ಎದ್ದು ಓಡಬೇಕಾಗಿಲ್ಲ. ಕೆಲಸ ಮಾಡುವುದು ಗುರುತ್ವಾಕರ್ಷಣೆ! 1903ರಲ್ಲಿ ಈ ಬಾಗಿಲುಗಳು ಅಲ್ಲಿ ಬಂದವು. ಅವರು ಇದಕ್ಕೆ ಪೇಟೆಂಟ್ ಕೂಡ ಪಡೆದರು. ಮುಂದೆ ಕನ್ನಂಬಾಡಿಯಲ್ಲೂ ಇಂತಹ 48 ಬಾಗಿಲುಗಳನ್ನು ಅಳವಡಿಸಲಾಯಿತು.

1909ರಲ್ಲಿ ಅವರು ಮೈಸೂರು ಸಂಸ್ಥಾನದ ಮುಖ್ಯ ಎಂಜಿನಿಯರ್ ಆಗಿ ಬಂದರು. ಆಗ ಇಲ್ಲಿ ಒಂದು ತೊಂದರೆ ಕಾದಿತ್ತು. 1902ರಿಂದ ಶಿವನಸಮುದ್ರದಲ್ಲಿ ಕಾವೇರಿಯ ನೀರಿನಿಂದ ವಿದ್ಯುತ್ ತಯಾರಾಗಿ, ಸುಮಾರು 147 ಕಿ.ಮೀ. ದೂರದ ಕೋಲಾರ ಚಿನ್ನದ ಗಣಿಗೆ ಹೋಗುತ್ತಿತ್ತು. ಬೇಸಿಗೆಯಲ್ಲಿ ನದಿ ಸೊರಗಿದರೆ ವಿದ್ಯುತ್ತೂ ಸೊರಗುತ್ತಿತ್ತು. ಏಕೆ? ಲೆಕ್ಕ ಮಾಡಿ ನೋಡೋಣ.

ಎತ್ತರದಲ್ಲಿರುವ ನೀರಿಗೆ ಪ್ರಚ್ಛನ್ನ ಶಕ್ತಿ ಇರುತ್ತದೆ. ದ್ರವ್ಯರಾಶಿ, ಗುರುತ್ವ ವೇಗೋತ್ಕರ್ಷ (9.8), ಎತ್ತರ ಈ ಮೂರನ್ನೂ ಗುಣಿಸಿದರೆ ಅದು ಜೂಲ್‌ಗಳಲ್ಲಿ ಸಿಗುತ್ತದೆ. ಲೆಕ್ಕದ ಅನುಕೂಲಕ್ಕೆ ನೀರು 100 ಮೀಟರ್ ಬೀಳುತ್ತದೆ ಎಂದುಕೊಳ್ಳಿ. ಸೆಕೆಂಡಿಗೆ 1000 ಲೀಟರ್, ಅಂದರೆ 1000 ಕಿಲೋಗ್ರಾಂ ಬಿದ್ದರೆ 1000 × 9.8 × 100 = 9,80,000 ಜೂಲ್. ಸೆಕೆಂಡಿಗೆ ಇಷ್ಟು ಜೂಲ್ ಎಂದರೆ 980 ಕಿಲೋವ್ಯಾಟ್. ಯಂತ್ರದಲ್ಲಿ ಸ್ವಲ್ಪ ನಷ್ಟವಾಗುತ್ತದೆ, ಅದನ್ನು ಬಿಡಿ. ಬೇಸಿಗೆಯಲ್ಲಿ ಬೆಟ್ಟ ಕುಗ್ಗುವುದಿಲ್ಲ, 9.8 ಕೂಡ ಬದಲಾಗುವುದಿಲ್ಲ. ಕಡಿಮೆಯಾಗುವುದು ನೀರು ಮಾತ್ರ. ನೀರು ಅರ್ಧಕ್ಕಿಳಿದರೆ ವಿದ್ಯುತ್ತೂ ಅರ್ಧ. ಹಾಗಾದರೆ ಮಳೆಗಾಲದ ನೀರನ್ನು ಮೇಲೆಯೇ ಹಿಡಿದಿಟ್ಟು ವರ್ಷವಿಡೀ ಸಮನಾಗಿ ಬಿಡಬೇಕು. ಜೊತೆಗೆ ಒಣಭೂಮಿಗೆ ನಾಲೆಯನ್ನೂ ಹರಿಸಬಹುದು. ಇದೇ ಕನ್ನಂಬಾಡಿ ಯೋಜನೆ.

ಖರ್ಚು ದೊಡ್ಡದು. ಒಪ್ಪಿಗೆ ಸುಲಭವಾಗಿ ಸಿಗಲಿಲ್ಲ. ಕೊನೆಗೆ ನಾಲ್ವಡಿ ಕೃಷ್ಣರಾಜ ಒಡೆಯರು ಒಪ್ಪಿ, 1911ರ ನವೆಂಬರಿನಲ್ಲಿ ಕೆಲಸ ಆರಂಭವಾಯಿತು. ಆದರೆ ಕೆಳಗಿನ ಮದ್ರಾಸು ಸರ್ಕಾರ ತನ್ನ ನೀರು ಕಡಿಮೆಯಾದೀತೆಂದು ಆಕ್ಷೇಪಿಸಿತು. ಮೊದಲ ಹಂತದ ಚಿಕ್ಕ ಕಟ್ಟೆಗೆ ಮಾತ್ರ ಅನುಮತಿ ಸಿಕ್ಕಿತು. ಈಗ ಅಡಿಪಾಯ ಎಷ್ಟು ಅಗಲ ಹಾಕಬೇಕು? ಚಿಕ್ಕ ಕಟ್ಟೆಗೆ ತಕ್ಕಂತೆ ಹಾಕಿದರೆ ಮುಂದೆ ಎತ್ತರಿಸುವಂತಿಲ್ಲ. ದೊಡ್ಡದಕ್ಕೆ ಹಾಕಿದ ಮೇಲೆ ಅನುಮತಿಯೇ ಬಾರದಿದ್ದರೆ ಅಷ್ಟು ಹಣವೂ ನೀರುಪಾಲು. ವಿಶ್ವೇಶ್ವರಯ್ಯನವರು ದೊಡ್ಡ ಕಟ್ಟೆಯ ಅಡಿಪಾಯವನ್ನೇ ಹಾಕಿಸಿದರು. ಎರಡು ಸರ್ಕಾರಗಳ ಒಪ್ಪಂದ ಆದದ್ದು 1924ರಲ್ಲಿ! ಅವರ ಬದುಕಿನ ಅತಿ ದಿಟ್ಟ ತೀರ್ಮಾನ ಇದೇ ಎಂದು ನನಗನ್ನಿಸುತ್ತದೆ.

ಅಡಿಪಾಯ ಅಗಲವಾಗಿರಬೇಕು ಏಕೆ ಎಂಬುದನ್ನು ನೀವೇ ಪರೀಕ್ಷಿಸಬಹುದು. ಹಳೆಯ ಪ್ಲಾಸ್ಟಿಕ್ ಬಾಟಲಿಗೆ ಮೇಲೆ, ನಡುವೆ, ಕೆಳಗೆ ಒಂದೊಂದು ತೂತು ಮಾಡಿ ನೀರು ತುಂಬಿಸಿ. ಎಲ್ಲಕ್ಕಿಂತ ಜೋರಾಗಿ ಚಿಮ್ಮುವುದು ಕೆಳಗಿನ ತೂತಿನ ನೀರು. ಆಳ ಹೆಚ್ಚಿದಂತೆ ಒತ್ತಡ ಹೆಚ್ಚುತ್ತದೆ. ಕಟ್ಟೆ ತುಂಬಿದಾಗ ಸುಮಾರು 38 ಮೀಟರ್ ಆಳದಲ್ಲಿ ಗೋಡೆಯ ಪ್ರತಿ ಚದರ ಮೀಟರಿನ ಮೇಲೆ 38 ಟನ್ ಭಾರ ಇಟ್ಟಷ್ಟು ಒತ್ತಡ ಬೀಳುತ್ತದೆ. ಇದನ್ನು ಕಟ್ಟೆ ಎದುರಿಸುವುದು ಯಾವುದರಿಂದ? ಬರೀ ತನ್ನ ತೂಕದಿಂದ. ಸಿಮೆಂಟ್ ಬದಲು ಸುಣ್ಣ ಮತ್ತು ಇಟ್ಟಿಗೆ ಪುಡಿ ಸೇರಿಸಿದ ಸುರ್ಕಿ ಗಾರೆಯಿಂದ ಈ ಕಲ್ಲಿನ ಕಟ್ಟೆಯನ್ನು ಕಟ್ಟಿದ್ದಾರೆ.

ಈ ನೀರಿಗೆ ಬೆಲೆ ತೆತ್ತವರೂ ಇದ್ದಾರೆ. ಹಳೆಯ ಕನ್ನಂಬಾಡಿ ಊರು, ಸುತ್ತಲಿನ ಹಳ್ಳಿಗಳು, ಹೊಲ ಗದ್ದೆಗಳು ಮುಳುಗಿದವು. ಹಿನ್ನೀರು ಕೆ.ಆರ್. ಪೇಟೆ ಕಡೆಗೂ ಚಾಚಿತು. ಜನ ಮನೆ ಬಿಟ್ಟು ಬೇರೆಡೆ ಊರು ಕಟ್ಟಿಕೊಂಡರು. ನಿಮ್ಮ ಊರಿನ ಹೆಸರಿನಲ್ಲಿ ‘ಹೊಸ’ ಎಂದಿದ್ದರೆ ಅಜ್ಜ ಅಜ್ಜಿಯರನ್ನು ಕೇಳಿ ನೋಡಿ. ಕಟ್ಟೆ ಒಬ್ಬರ ಕೆಲಸವೂ ಅಲ್ಲ. 1912ರಲ್ಲಿ ದಿವಾನರಾದ ವಿಶ್ವೇಶ್ವರಯ್ಯನವರು 1918ರಲ್ಲಿ ಹುದ್ದೆ ಬಿಟ್ಟರು. ಕಟ್ಟೆಯ ಕೆಲಸ ಪೂರ್ಣವಾದದ್ದು 1932ರ ಹೊತ್ತಿಗೆ. ಕಲ್ಲು ಹೊತ್ತ ಸಾವಿರಾರು ಕೂಲಿಕಾರರ ಹೆಸರು ನಮ್ಮ ಪಠ್ಯಪುಸ್ತಕಗಳಲ್ಲಿ ಇಲ್ಲ.

ನಾಲೆಯ ವಿಷಯಕ್ಕೆ ಬರೋಣ. ನಾಲೆಯ ನೀರಿಗೆ ಪಂಪು ಬೇಡ. ಇಳಿಜಾರು ಸಾಕು. ಆದರೆ ಬೇಗ ಇಳಿದುಬಿಟ್ಟರೆ ಮೇಲಿನ ಜಮೀನಿಗೆಲ್ಲ ನೀರು ತಪ್ಪುತ್ತದೆ. ಆದ್ದರಿಂದ ನಾಲೆಯನ್ನು ಆದಷ್ಟು ಎತ್ತರದಲ್ಲೇ, ತೀರಾ ಸಣ್ಣ ಇಳಿಜಾರಿನಲ್ಲಿ ಕೊಂಡೊಯ್ಯಬೇಕು. ಗುಡ್ಡ ಅಡ್ಡ ಬಂದರೆ ನೀರು ಹತ್ತಲಾರದು. ಹುಲಿಕೆರೆಯ ಬಳಿ ಗುಡ್ಡವನ್ನೇ ಕೊರೆದು ಎರಡೂವರೆ ಕಿ.ಮೀ.ಗೂ ಉದ್ದದ ಸುರಂಗ ಮಾಡಿದ್ದು ಇದಕ್ಕಾಗಿಯೇ. ಮೊದಲು ಇರ್ವಿನ್ ನಾಲೆ ಎನ್ನುತ್ತಿದ್ದ ಇದಕ್ಕೆ ಈಗ ವಿಶ್ವೇಶ್ವರಯ್ಯ ನಾಲೆ ಎಂದು ಹೆಸರು. ಪಾಂಡವಪುರ, ಶ್ರೀರಂಗಪಟ್ಟಣದಿಂದ ಮಳವಳ್ಳಿಯವರೆಗೆ ಗದ್ದೆಗಳಿಗೆ ಇದರ ನೀರು ಹೋಗುತ್ತದೆ.

ನಾಗಮಂಗಲದ ಮಕ್ಕಳು ಒಂದು ಪ್ರಶ್ನೆ ಕೇಳುವುದುಂಟು. ಕಟ್ಟೆ ಇಷ್ಟು ಹತ್ತಿರವಿದ್ದರೂ ಆ ನಾಲೆ ನಮ್ಮ ಊರಿಗೆ ಏಕೆ ಬರಲಿಲ್ಲ? ಉತ್ತರ ಎತ್ತರದಲ್ಲಿದೆ. ತುಂಬಿದ ಕನ್ನಂಬಾಡಿಯ ನೀರಿನ ಮಟ್ಟ ಸಮುದ್ರಮಟ್ಟದಿಂದ ಸುಮಾರು 752 ಮೀಟರ್. ನಾಗಮಂಗಲ ಪಟ್ಟಣ ಇರುವುದು ಸುಮಾರು 770 ಮೀಟರ್ ಎತ್ತರದಲ್ಲಿ. ಸುಮಾರು 20 ಮೀಟರ್ ಮೇಲೆತ್ತಬೇಕು ಎಂದಿಟ್ಟುಕೊಳ್ಳಿ. ಒಂದು ಎಕರೆಗೆ ಒಂದು ಸೆಂ.ಮೀ. ನೀರು ನಿಲ್ಲಿಸಲು ಸುಮಾರು 40,000 ಲೀಟರ್ ಬೇಕು. 40,000 × 9.8 × 20 = 78,40,000 ಜೂಲ್. ಒಂದು ಯೂನಿಟ್ ವಿದ್ಯುತ್ ಎಂದರೆ 36 ಲಕ್ಷ ಜೂಲ್. ಅಂದರೆ ಎರಡು ಯೂನಿಟ್‌ಗೂ ಹೆಚ್ಚು. ಭತ್ತದ ಬೆಳೆಗೆ ಒಟ್ಟು 100 ಸೆಂ.ಮೀ. ನೀರು ಬೇಕಾದರೆ ಎಷ್ಟು ಯೂನಿಟ್?

ವಿಶ್ವೇಶ್ವರಯ್ಯನವರಿಗೆ 1955ರಲ್ಲಿ ಭಾರತ ರತ್ನ ಪ್ರಶಸ್ತಿ ಬಂದಿತು. ನೂರು ವರ್ಷ ದಾಟಿ ಬದುಕಿ, 1962ರ ಏಪ್ರಿಲ್‌ನಲ್ಲಿ ತೀರಿಕೊಂಡರು. ಅದಾಗಿ 17 ವರ್ಷಗಳ ಮೇಲೆ, 1979ರಲ್ಲಿ, ಹಾಸನ ಜಿಲ್ಲೆಯ ಗೊರೂರಿನಲ್ಲಿ ಹೇಮಾವತಿ ಅಣೆಕಟ್ಟು ಮುಗಿಯಿತು. ಅದರ ಎಡದಂಡೆ ನಾಲೆಯ ಒಂದು ಕವಲು ನಾಗಮಂಗಲದ ಕಡೆಗೆ ಬರುತ್ತದೆ. ಗೊರೂರಿನ ಜಲಾಶಯ ತುಂಬಿದಾಗ ನೀರಿನ ಮಟ್ಟ ಸಮುದ್ರಮಟ್ಟದಿಂದ 2922 ಅಡಿ. ಒಂದು ಮೀಟರ್ ಎಂದರೆ 3.28 ಅಡಿ. ಅದು ನಾಗಮಂಗಲಕ್ಕಿಂತ ಎಷ್ಟು ಮೀಟರ್ ಮೇಲಿದೆ ಎಂದು ನೀವೇ ಲೆಕ್ಕ ಹಾಕಿ.