ಎದೆಗುಂದದ ಆಟಗಾರ ದಿದಿ

ದಿದಿಯೆಂದು ಲೋಕಪ್ರಸಿದ್ಧನಾದ ವಾಲ್ದಿರ್ ಪೆರೇರನು 1928ನೆಯ ಇಸವಿ ಅಕ್ಟೋಬರ್ 8ರಂದು ಬ್ರೆಜಿಲ್ ದೇಶದ ಕಾಂಪೋಸ್ ಪಟ್ಟಣದಲ್ಲಿ ಬಡ ಕುಟುಂಬದೊಳಗೆ ಜನಿಸಿದನು. ಬಾಲ್ಯದಲ್ಲಿ ಆಡುವಾಗ ತಗಲಿದ ಪೆಟ್ಟು ಕೀವುಗೊಂಡು, ಕಾಲನ್ನೇ ಕತ್ತರಿಸಬೇಕಾದೀತೆಂಬ ಭಯವುಂಟಾಯಿತು. ಆದರೂ ಆ ಬಾಲಕನೇ ಮುಂದೆ ಕಾಲ್ಚೆಂಡಿನಾಟದಲ್ಲಿ ಅಗ್ರಗಣ್ಯನಾದನು. ಆತನು ಒದೆದ ಚೆಂಡು ಗಾಳಿಯಲ್ಲಿ ತೂಗಿ ಥಟ್ಟನೆ ಇಳಿಯುತ್ತಿದ್ದುದರಿಂದ ಆ ಒದೆತಕ್ಕೆ ತರಗೆಲೆಯೆಂದೇ ಹೆಸರಾಯಿತು.

1958ರಲ್ಲಿ ಸ್ವೀಡನಿನಲ್ಲಿ ನಡೆದ ವಿಶ್ವಕಪ್ಪಿನ ಅಂತಿಮ ಪಂದ್ಯದಲ್ಲಿ ಆತಿಥೇಯರೇ ಮೊದಲು ಗೋಲು ಹೊಡೆಯಲು, ದಿದಿಯು ಚೆಂಡನ್ನೆತ್ತಿಕೊಂಡು ಸಾವಕಾಶವಾಗಿ ನಡುಬಯಲಿಗೆ ನಡೆದು, ಕಂಗೆಟ್ಟ ಜೊತೆಗಾರರಿಗೆ ಧೈರ್ಯ ತುಂಬಿದನು. ಬ್ರೆಜಿಲ್ 5-2ರಿಂದ ಗೆದ್ದಿತು. 1962ರಲ್ಲಿಯೂ ಕಪ್ಪು ಅವರದೇ ಆಯಿತು.

ತರುವಾಯ ಆತನು ಪೆರು ದೇಶದ ತಂಡಕ್ಕೆ ಶಿಕ್ಷಕನಾಗಿ 1970ರಲ್ಲಿ ಮೆಕ್ಸಿಕೋವಿಗೆ ಹೋದನು. ಮೇ 31ರಂದು ಪೆರುವಿನಲ್ಲಿ ಭೂಕಂಪವಾಗಿ ಹತ್ತಾರು ಸಾವಿರ ಜನರು ಮಡಿದರು. ಎರಡು ದಿನಗಳ ಮೇಲೆ ಆ ಶೋಕತಪ್ತ ಆಟಗಾರರು ಬಲ್ಗೇರಿಯದೆದುರು ಎರಡು ಗೋಲುಗಳಷ್ಟು ಹಿಂದೆ ಬಿದ್ದರೂ ಧೃತಿಗೆಡದೆ 3-2ರಿಂದ ಜಯಿಸಿದರು. ಎಂಟು ತಂಡಗಳ ಹಂತದಲ್ಲಿ ಗುರುವಿನ ಸ್ವದೇಶವೇ ಎದುರಾಯಿತು. ಪೆರು 4-2ರಿಂದ ಸೋತಿತು, ಆದರೆ ತಲೆತಗ್ಗಿಸಲಿಲ್ಲ.

2001ರ ಮೇ 12ರಂದು ರಿಯೋ ನಗರದಲ್ಲಿ ದಿದಿಯು ಮೃತನಾದನು. ಕಷ್ಟದಲ್ಲಿ ತಾನು ಗಳಿಸಿದ ಸಮಚಿತ್ತವನ್ನು ಶಿಷ್ಯರಿಗೂ ಧಾರೆಯೆರೆದುದೇ ಈ ಗುರುವಿನ ಹಿರಿಮೆ.