ಜಾಕಿ ವಿಲ್ಸನ್ (1934–1984): ಜೀವನ ಪರಿಚಯ

ಅಮೆರಿಕದ ಜನಪ್ರಿಯ ಸಂಗೀತ ಕ್ಷೇತ್ರದ ಅಗ್ರಗಣ್ಯ ಗಾಯಕರಲ್ಲಿ ಜಾಕಿ ವಿಲ್ಸನ್ ಅವರು ಒಬ್ಬರು. 1957ರಲ್ಲಿ ಬಿಡುಗಡೆಯಾದ ಅವರ ಹಾಡೊಂದು 29 ವರ್ಷಗಳ ನಂತರ ಬ್ರಿಟನ್ನಿನ ಮಾರಾಟ ಪಟ್ಟಿಯಲ್ಲಿ ಪ್ರಥಮ ಸ್ಥಾನ ಪಡೆಯಿತು. ಆ ವೇಳೆಗೆ ಅವರು ನಿಧನರಾಗಿ ಸುಮಾರು ಮೂರು ವರ್ಷಗಳಾಗಿದ್ದವು.

ಜನನ ಮತ್ತು ಬಾಲ್ಯ

ಶ್ರೀಯುತರು 1934ರ ಜೂನ್ 9ರಂದು ಡೆಟ್ರಾಯಿಟ್ ನಗರದಲ್ಲಿ ಜನಿಸಿದರು. ಶಾಲಾ ಶಿಕ್ಷಣವನ್ನು ಪೂರ್ಣಗೊಳಿಸಲಾಗದ ಅವರು ಹರೆಯದಲ್ಲಿ ಬಾಕ್ಸಿಂಗ್ ಕಲಿತರು. ಕ್ರೈಸ್ತ ಭಕ್ತಿಗೀತೆಗಳ ತಂಡದಲ್ಲಿ ಹಾಡುತ್ತಿದ್ದರು. 1953ರಲ್ಲಿ ಬಿಲ್ಲಿ ವಾರ್ಡ್ ಅವರ ಡಾಮಿನೋಸ್ ತಂಡದ ಮುಖ್ಯ ಗಾಯಕರಾದರು.

ಕೀರ್ತಿ

1957ರಲ್ಲಿ ಬ್ರನ್ಸ್‌ವಿಕ್ ಸಂಸ್ಥೆಗಾಗಿ ಅವರು ಹಾಡಿದ 'ರೀಟ್ ಪೆಟೀಟ್' ಬ್ರಿಟನ್ನಿನಲ್ಲಿ 6ನೇ ಸ್ಥಾನದವರೆಗೆ ಏರಿತು. ಇದರ ರಚನಕಾರರಲ್ಲಿ ಒಬ್ಬರಾದ ಬೆರಿ ಗಾರ್ಡಿ ಅವರು ಮುಂದೆ ಪ್ರಸಿದ್ಧ ಮೋಟೌನ್ ಸಂಸ್ಥೆಯನ್ನು ಸ್ಥಾಪಿಸಿದರು. 1958ರ 'ಲೋನ್ಲಿ ಟಿಯರ್‌ಡ್ರಾಪ್ಸ್' ಮತ್ತು 1967ರ 'ಹೈಯರ್ ಅಂಡ್ ಹೈಯರ್' ಹಾಡುಗಳು ವಿಲ್ಸನ್ ಅವರಿಗೆ ಅಪಾರ ಜನಮನ್ನಣೆ ತಂದವು. ಆದರೆ ಹೆಸರಿಗೆ ತಕ್ಕ ಹಣ ಅವರ ಕೈ ಸೇರಲಿಲ್ಲ; ತೆರಿಗೆ ಬಾಕಿಯ ಹೊರೆಯೂ ಅವರ ಮೇಲಿತ್ತು.

ಅನಾರೋಗ್ಯ ಮತ್ತು ನಿಧನ

1975ರ ಸೆಪ್ಟೆಂಬರ್ 29ರಂದು ನ್ಯೂಜೆರ್ಸಿಯ ಚೆರಿ ಹಿಲ್‌ನಲ್ಲಿ 'ಲೋನ್ಲಿ ಟಿಯರ್‌ಡ್ರಾಪ್ಸ್' ಹಾಡುತ್ತಿದ್ದಾಗಲೇ ಅವರು ಹೃದಯಾಘಾತದಿಂದ ವೇದಿಕೆಯ ಮೇಲೆ ಕುಸಿದರು. ಆಮ್ಲಜನಕದ ಕೊರತೆಯಿಂದ ಮೆದುಳಿಗೆ ಹಾನಿಯಾಗಿ, ಎಂಟು ವರ್ಷಗಳಿಗೂ ಹೆಚ್ಚು ಕಾಲ ಚೇತರಿಸಿಕೊಳ್ಳದೆ ಆರೈಕೆಯಲ್ಲಿಯೇ ಇದ್ದು, 1984ರ ಜನವರಿ 21ರಂದು ತಮ್ಮ 49ನೇ ವಯಸ್ಸಿನಲ್ಲಿ ನಿಧನರಾದರು. ಡೆಟ್ರಾಯಿಟ್ ಸಮೀಪದ ವೇಯ್ನ್ ಪಟ್ಟಣದಲ್ಲಿ ಅವರನ್ನು ಸಮಾಧಿ ಮಾಡಲಾಯಿತು. ಸಮಾಧಿಯ ಮೇಲೆ ಹೆಸರಿನ ಕಲ್ಲು ಇರಲಿಲ್ಲ.

ಹಾಡಿನ ಪುನರಾಗಮನ

ಕೆಲವು ವರ್ಷಗಳ ಬಳಿಕ 'ರೀಟ್ ಪೆಟೀಟ್' ಹಾಡಿಗೆ ಮಣ್ಣಿನ ಬೊಂಬೆಗಳನ್ನು ಬಳಸಿ ಕಿರುಚಿತ್ರವೊಂದನ್ನು ತಯಾರಿಸಲಾಯಿತು. ಬಿ.ಬಿ.ಸಿ. ದೂರದರ್ಶನದಲ್ಲಿ ಅದು ಪ್ರಸಾರವಾದ ನಂತರ 1986ರಲ್ಲಿ ಹಾಡನ್ನು ಮರುಬಿಡುಗಡೆ ಮಾಡಲಾಯಿತು. ಮಾರಾಟ ಪಟ್ಟಿಯು ಹಾಡಿನ ವಯಸ್ಸನ್ನು ಪರಿಗಣಿಸದೆ, ಆಯಾ ವಾರ ಮಾರಾಟವಾದ ಪ್ರತಿಗಳನ್ನು ಮಾತ್ರ ಪರಿಗಣಿಸುತ್ತಿತ್ತು. ಹೀಗಾಗಿ ಹಳೆಯ ಹಾಡು ಹೊಸ ಹಾಡುಗಳೊಂದಿಗೆ ಸಮಾನವಾಗಿ ಸ್ಪರ್ಧಿಸಿ, ಆ ವರ್ಷದ ಕ್ರಿಸ್‌ಮಸ್ ವೇಳೆಗೆ ಪ್ರಥಮ ಸ್ಥಾನಕ್ಕೇರಿ ನಾಲ್ಕು ವಾರ ಅಲ್ಲಿಯೇ ಉಳಿಯಿತು. ಹಾಡು ಮೊದಲ ಬಾರಿ ಹೊರಬಂದಾಗ ಇನ್ನೂ ಹುಟ್ಟಿರದಿದ್ದ ತಲೆಮಾರಿನವರೂ ಅದನ್ನು ಕೊಂಡು ಕೇಳಿದರು. 1987ರಲ್ಲಿ 'ಐ ಗೆಟ್ ದ ಸ್ವೀಟೆಸ್ಟ್ ಫೀಲಿಂಗ್' 3ನೇ ಸ್ಥಾನವನ್ನು, 'ಹೈಯರ್ ಅಂಡ್ ಹೈಯರ್' 15ನೇ ಸ್ಥಾನವನ್ನು ಪಡೆದವು.

ಗೌರವ

1987ರಲ್ಲಿಯೇ ಅವರನ್ನು ಅಮೆರಿಕದ ರಾಕ್ ಅಂಡ್ ರೋಲ್ ಹಾಲ್ ಆಫ್ ಫೇಮ್‌ಗೆ ಮರಣೋತ್ತರವಾಗಿ ಸೇರಿಸಿಕೊಳ್ಳಲಾಯಿತು. ಅದೇ ವರ್ಷ ಅಭಿಮಾನಿಗಳು ನೀಡಿದ ವಂತಿಗೆಯಿಂದ ಅವರ ಸಮಾಧಿಗೆ ಹೆಸರಿನ ಕಲ್ಲನ್ನು ಇರಿಸಲಾಯಿತು. ಹಾಡು ಮರಳಿ ತಂದ ಕೀರ್ತಿಯನ್ನು ಕಾಣಲು ಗಾಯಕರು ಇರಲಿಲ್ಲವಾದರೂ, ಅವರ ಸಮಾಧಿ ಅನಾಮಧೇಯವಾಗಿ ಉಳಿಯಲಿಲ್ಲ.